ಕಂಪನಿಗೆ ಕೊಟ್ಟರೆ ಪ್ರೋತ್ಸಾಹ, ಕೇರಿಗೆ ಕೊಟ್ಟರೆ ಮೀಸಲಾತಿ!



ಮೊನ್ನೆ ಹಾಸ್ಟೆಲಿನ ಊಟದ ಮನೆಯಲ್ಲಿ ಇಂಜಿನಿಯರಿಂಗ್ ಓದೋ ನಮ್ಮ ಹುಡುಗನೊಬ್ಬ ಮುದ್ದೆ ಮುರಿಯದೆ ಸುಮ್ಮನೆ ಕೂತಿದ್ದ. ಯಾಕೋ ಅಂದರೆ, ಕ್ಲಾಸಿನಲ್ಲಿ ಪಕ್ಕದ ಬೆಂಚಿನವನು ಅಂದನಂತೆ: "ನಿಮಗೇನಪ್ಪಾ, ಕೋಟಾದಲ್ಲಿ ಬಂದೋರು. ಅಮೆರಿಕಾ ನೋಡು, ಅಲ್ಲಿ ಮೆರಿಟ್ ಒಂದೇ. ಅದಕ್ಕೇ ಅವರು ಚಂದ್ರನ ಮೇಲೆ ಹೋದರು."

ನಾನು ಬಿ.ಎ. ಓದಿದವನು, ಪದ್ಯ ಬರೆಯೋನು. ಫಿಸಿಕ್ಸು ನನಗೆ ಹತ್ತುವುದಿಲ್ಲ. ಆದರೆ ಹಂಚಿಕೆ ಅಂದರೆ ಏನು ಅಂತ ಗೊತ್ತು. ಕೇರಿಯಲ್ಲಿ ಹುಟ್ಟಿದವನಿಗೆ ಬಾವಿಯ ನೀರು ಯಾರಿಗೆ ಮೊದಲು, ಯಾರಿಗೆ ಕೊನೆ ಅನ್ನೋದು ಅಕ್ಷರ ಕಲಿಯೋ ಮೊದಲೇ ತಿಳಿದಿರುತ್ತೆ. ಹಾಗಾಗಿ ಆ ಮೆರಿಟ್ಟಿನ ದೇಶದಲ್ಲಿ ವಿಜ್ಞಾನದ ದುಡ್ಡು ಹೇಗೆ ಹಂಚಿಕೆಯಾಗಿದೆ ಅಂತ ಹುಡುಕಿ ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಲ್ಲಿಯೂ ಮೀಸಲಾತಿ ಇದೆ. ಅದನ್ನು ತಂದದ್ದು ಕಾನೂನು. ಸಹಿ ಹಾಕಿದವರು ಬಂಡವಾಳಶಾಹಿಗಳ ಕಣ್ಮಣಿ ಅಧ್ಯಕ್ಷ ರೇಗನ್, 1982ರ ಜುಲೈ 22ರಂದು.

ಕತೆ ಹೀಗಿದೆ. ಅಮೆರಿಕಾ ಸರ್ಕಾರ ಸಂಶೋಧನೆಗೆ ಸುರಿಯುವ ದುಡ್ಡೆಲ್ಲ ದೊಡ್ಡ ವಿಶ್ವವಿದ್ಯಾಲಯಗಳಿಗೆ, ದೊಡ್ಡ ಕಂಪನಿಗಳಿಗೆ, ದೊಡ್ಡ ಪ್ರಯೋಗಶಾಲೆಗಳಿಗೆ ಹೋಗುತ್ತಿತ್ತು. ಸಣ್ಣ ಉದ್ದಿಮೆಯವರಿಗೆ ಸಿಗುತ್ತಿದ್ದದ್ದು ಚಿಲ್ಲರೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ರೋಲಂಡ್ ಟಿಬೆಟ್ಸ್ ಎಂಬ ಅಧಿಕಾರಿ 1977ರಲ್ಲಿ ಸಣ್ಣ ಉದ್ದಿಮೆಗಳಿಗೇ ಅಂತ ಒಂದು ಯೋಜನೆ ಶುರು ಮಾಡಿದರು. ಐದು ವರ್ಷದಲ್ಲಿ ಅದೇ ದೇಶದ ಕಾನೂನಾಯಿತು. ಹೊರಗಿನವರ ಕೈಲಿ ವರ್ಷಕ್ಕೆ 10 ಕೋಟಿ ಡಾಲರಿಗಿಂತ ಹೆಚ್ಚಿನ ಸಂಶೋಧನೆ ಮಾಡಿಸುವ ಪ್ರತಿ ಸರ್ಕಾರಿ ಇಲಾಖೆಯೂ ಅದರಲ್ಲಿ ಇಂತಿಷ್ಟು ಪಾಲನ್ನು ಸಣ್ಣ ಉದ್ದಿಮೆಗಳಿಗೆ ಎತ್ತಿಡಲೇಬೇಕು. ಮೊದಲ ವರ್ಷ ಶೇಕಡಾ 0.2. ಆಮೇಲೆ 1.25. 1997ಕ್ಕೆ 2.5. 2017ಕ್ಕೆ 3.2. ನೋಡಲು ಸಣ್ಣ ಅಂಕಿ. ಆದರೆ ಅಮೆರಿಕಾದ ರಾಶಿಯಲ್ಲಿ ಶೇಕಡಾ ಮೂರು ಅಂದರೆ ವರ್ಷಕ್ಕೆ ನೂರಾರು ಕೋಟಿ ಡಾಲರು.

ಅವರು ಇದಕ್ಕೆ ಮೀಸಲಾತಿ ಅನ್ನುವುದಿಲ್ಲ. "ಎತ್ತಿಟ್ಟ ಪಾಲು" ಅನ್ನೋ ಅರ್ಥದ ಮಾತು ಬಳಸುತ್ತಾರೆ. ನಮ್ಮೂರಲ್ಲಿ ಸುಗ್ಗಿ ಕಾಲಕ್ಕೆ ರಾಶಿಯಿಂದ ಎತ್ತಿಡುತ್ತಿದ್ದರಲ್ಲ, ಹಾಗೆ. ವ್ಯತ್ಯಾಸ ಇಷ್ಟೆ. ನಮಗೆ ಎತ್ತಿಡುತ್ತಿದ್ದದ್ದು ಕಣದ ಕಸದ ಕಾಳು, ಅದೂ ಗೌಡರ ದಯೆ. ಅಲ್ಲಿ ಎತ್ತಿಡೋದು ಕಾನೂನಿನ ಹಕ್ಕು.

ಅಲ್ಲಿನ ಇಂಧನ ಇಲಾಖೆಯನ್ನೇ ತೆಗೆದುಕೊಳ್ಳಿ. ಅಣುಶಕ್ತಿ, ಸೌರಶಕ್ತಿ, ಪರಮಾಣು ಸಮ್ಮಿಲನ, ಕಣಭೌತಶಾಸ್ತ್ರ ಎಲ್ಲಾ ಅದರ ಕೆಳಗೇ ಬರುತ್ತೆ. ವರ್ಷವರ್ಷವೂ ಇಲಾಖೆ ತನಗೆ ಬೇಕಾದ್ದರ ಪಟ್ಟಿ ಹೊರಡಿಸುತ್ತಿತ್ತು: ಹೊಸ ಬಗೆಯ ಬ್ಯಾಟರಿ, ಕಣಗಳನ್ನು ಹಿಡಿಯುವ ಯಂತ್ರ, ದೊಡ್ಡ ಅಯಸ್ಕಾಂತಕ್ಕೆ ಬೇಕಾದ ವಿಶೇಷ ತಂತಿ. ಹತ್ತು ಜನರ ಕಂಪನಿಯೂ ಅರ್ಜಿ ಹಾಕಬಹುದಿತ್ತು. ಮೊದಲ ಹಂತದಲ್ಲಿ ಆರು ತಿಂಗಳೋ ಒಂದು ವರ್ಷವೋ, ಸುಮಾರು 2 ಲಕ್ಷ ಡಾಲರು. "ಇದು ಆಗುತ್ತಾ ನೋಡು" ಅಂತ ಕೊಡೋ ದುಡ್ಡು ಅದು. ಆಗುತ್ತೆ ಅಂತ ಕಂಡರೆ ಎರಡನೇ ಹಂತ, ಎರಡು ವರ್ಷಕ್ಕೆ 10 ಲಕ್ಷ ಡಾಲರಿಗೂ ಮೇಲೆ. ಮೂರನೇ ಹಂತಕ್ಕೆ ಈ ಪಾಲಿನ ದುಡ್ಡಿಲ್ಲ, ಮಾರುಕಟ್ಟೆಗೆ ಹೋಗಿ ಗೆಲ್ಲಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಇದು ಸಾಲ ಅಲ್ಲ. ಸರ್ಕಾರ ಕಂಪನಿಯಲ್ಲಿ ಷೇರು ಕೇಳುವುದಿಲ್ಲ, ಕಂಡುಹಿಡಿದದ್ದರ ಹಕ್ಕು ಕಂಡುಹಿಡಿದವನದೇ. ಇವತ್ತು ನಮ್ಮ ಹಾಸ್ಟೆಲಿನ ಎಷ್ಟೋ ಹುಡುಗರ ಮೊಬೈಲಿನೊಳಗೆ ಕೂತಿರುವ ಚಿಪ್ಪು ಮಾಡಿದ ಕ್ವಾಲ್‌ಕಾಮ್ ಕೂಡ ಶುರುವಿನ ದಿನಗಳಲ್ಲಿ ಈ ಪಾಲಿನ ದುಡ್ಡು ಪಡೆದ ಸಣ್ಣ ಕಂಪನಿಯೇ. ಆ ಕಂಪನಿಯನ್ನು ಯಾರಾದರೂ "ಕೋಟಾ ಕಂಪನಿ" ಅಂತ ಕರೆದದ್ದು ಕೇಳಿದ್ದೀರಾ?

ಅಲ್ಲೂ ಅದೇ ರಾಗ

ಕಾನೂನು ಸುಮ್ಮನೆ ಬರಲಿಲ್ಲ. ಅಡ್ಡ ನಿಂತವರಲ್ಲಿ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳೇ ಇದ್ದವು. ಅವರ ವಾದ ಏನು ಗೊತ್ತೆ? ಮೂಲ ವಿಜ್ಞಾನಕ್ಕೆ ಹೋಗೋ ದುಡ್ಡು ಕಿತ್ತು ಸಣ್ಣವರಿಗೆ ಕೊಟ್ಟರೆ ಗುಣಮಟ್ಟ ಹಾಳಾಗುತ್ತೆ, ಯೋಗ್ಯತೆ ನೋಡಿ ಕೊಡಬೇಕೇ ಹೊರತು ಪಾಲು ಕಟ್ಟಿ ಕೊಡಬಾರದು ಅಂತ. ಎಲ್ಲೋ ಕೇಳಿದ ರಾಗ ಅನ್ನಿಸುತ್ತಲ್ಲವೆ? ರಾಶಿಯ ಮೇಲೆ ಕೂತವರು ಯಾವ ದೇಶದವರಾದರೂ ಒಂದೇ ಪದ ಹಾಡುತ್ತಾರೆ.

ಮೆರಿಟ್ಟಿನವರು ಇದಕ್ಕೂ ಒಂದು ಜವಾಬು ಇಟ್ಟುಕೊಂಡಿರುತ್ತಾರೆ. "ಅಲ್ಲಿ ಆ ಪಾಲಿನೊಳಗೆ ಪೈಪೋಟಿ ಇದೆಯಪ್ಪಾ, ಪರಿಣತರು ಅರ್ಜಿ ನೋಡಿ ಅಂಕ ಹಾಕುತ್ತಾರೆ, ಹಾಕಿದವರಲ್ಲಿ ಹೆಚ್ಚಿನವರಿಗೆ ಸಿಗೋದೇ ಇಲ್ಲ" ಅಂತ. ನಿಜ. ನಮ್ಮ ಸೀಟಿನೊಳಗೂ ಪೈಪೋಟಿ ಇಲ್ಲವೆ? ಒಂದು ಸೀಟಿಗೆ ಎಷ್ಟು ಹಟ್ಟಿಯ ಎಷ್ಟು ಹುಡುಗರು ಬಡಿದಾಡುತ್ತಾರೆ ಅನ್ನೋದು ಅವರಿಗೆ ಕಾಣುವುದಿಲ್ಲ. ಕಡ್ಡೀಪುಡಿ ಕಂಪನಿಯೊಂದು ಸಾವಿರಾರು ಕೋಟಿಯ ಕಂಪನಿಯ ಜೊತೆ ಒಂದೇ ಗೆರೆಯ ಮೇಲೆ ನಿಂತು ಓಡಲಾರದು ಅಂತ ಅಮೆರಿಕಾದ ಸಂಸತ್ತಿಗೆ ಅರ್ಥವಾಯಿತು. ಮೂರು ಸಾವಿರ ವರ್ಷ ಗೆರೆಯ ಹತ್ತಿರವೇ ಬಿಡದಿದ್ದವರ ಮಗ ಓಡಲಾರ ಅಂದರೆ ನಮ್ಮ ಮೆರಿಟ್ಟಿನವರಿಗೆ ಅರ್ಥವಾಗುವುದಿಲ್ಲ. ಇದು ಬುದ್ಧಿಯ ಕೊರತೆ ಅಂತ ನನಗನ್ನಿಸುವುದಿಲ್ಲ. ಅರ್ಥವಾದರೆ ನಷ್ಟವಾಗುತ್ತೆ, ಅಷ್ಟೆ.

ಸೋಲುವ ಹಕ್ಕು

ಕೊಳ್ಳೇಗಾಲದ ಕಡೆಯ ನನ್ನ ಗೆಳೆಯನೊಬ್ಬ ಐ.ಟಿ.ಐ. ಮಾಡಿದ್ದಾನೆ. ಅವನ ತಾಯಿ ರೇಷ್ಮೆ ಬಿಚ್ಚೋ ಮನೆಯಲ್ಲಿ ಕೂಲಿ. ಗೂಡು ಬೇಯಿಸೋ ಬಿಸಿನೀರಲ್ಲಿ ಕೈ ಅದ್ದೀ ಅದ್ದೀ ಬೆರಳಿನ ಚರ್ಮ ಬೆಳ್ಳಗೆ ಸುಲಿದುಹೋಗಿದೆ. ಒಲೆಗೆ ಸೌದೆ ಸುರಿದಷ್ಟೂ ಸಾಲದು, ಅರ್ಧ ಬಿಸಿ ಹೊಗೆಯಲ್ಲೇ ಹೋಗುತ್ತೆ. ಇವನು ಗುಜರಿಯಿಂದ ಕೊಳವೆ ತಂದು, ಹೊಗೆ ಹೋಗೋ ದಾರಿಯಲ್ಲೇ ಸುತ್ತಿ, ಆ ಬಿಸಿಯಿಂದಲೇ ಇನ್ನೊಂದು ತೊಟ್ಟಿಯ ನೀರು ಕಾಯಿಸೋಕೆ ಹೊರಟ. ಮೊದಲ ಸಲ ಬೆಸುಗೆ ಬಿಟ್ಟು ನೀರೆಲ್ಲಾ ಒಲೆಗೆ ಬಿತ್ತು. ಎರಡನೇ ಸಲ ಒಂದು ವಾರ ನಡೆಯಿತು. ಮೂರನೇ ಸಲಕ್ಕೆ ದುಡ್ಡಿಲ್ಲ.

ಒಂದು ಬ್ಯಾಂಕಿಗೆ ಹೋದ. ನಾನೂ ಜೊತೆಗಿದ್ದೆ. ಮ್ಯಾನೇಜರು ಅವನು ಬರೆದ ಚಿತ್ರ ನೋಡಲಿಲ್ಲ. "ಪಹಣಿ ತಂದಿದ್ದೀಯೇನಪ್ಪಾ?" ಅಂದರು. "ಜಮೀನಿಲ್ಲ ಸಾರ್." "ಮತ್ತೆ, ಇದು ಕೆಲಸ ಮಾಡದೆ ಹೋದರೆ?" ಗೆಳೆಯ ಪ್ರಾಮಾಣಿಕ. "ಗೊತ್ತಿಲ್ಲ ಸಾರ್, ಮಾಡಿ ನೋಡಬೇಕು" ಅಂದ. ಅಲ್ಲಿಗೆ ಮುಗಿಯಿತು. ಈಗ ಅವನು ಬೆಂಗಳೂರಲ್ಲಿ ಲಿಫ್ಟು ರಿಪೇರಿ ಮಾಡುತ್ತಾನೆ.

"ಮಾಡಿ ನೋಡಬೇಕು" ಅನ್ನೋ ಆ ಒಂದು ಮಾತೇ ಸಂಶೋಧನೆ. ಮೊದಲೇ ಗೊತ್ತಿದ್ದರೆ ಅದು ವ್ಯಾಪಾರ. ಸಂಶೋಧನೆ ಮಾಡೋನಿಗೆ ಬೇಕಾದ್ದು ಸೋಲುವ ಹಕ್ಕು. ಜಮೀನ್ದಾರನ ಮಗ ಸೋತರೆ ಹತ್ತು ಎಕರೆಯಲ್ಲಿ ಒಂದು ಎಕರೆ ಹೋಗುತ್ತೆ, ಅಪ್ಪ ಬೈದು ಸುಮ್ಮನಾಗುತ್ತಾನೆ. ನಮ್ಮ ಹುಡುಗ ಸೋತರೆ ಅವ್ವನ ಓಲೆ ಹೋಗುತ್ತೆ, ತಂಗಿಯ ಓದು ಹೋಗುತ್ತೆ. ಆದ್ದರಿಂದ ಅವನು ಶುರುವೇ ಮಾಡುವುದಿಲ್ಲ. ಶುರು ಮಾಡದವನನ್ನು ತೋರಿಸಿ "ಇವರಲ್ಲಿ ವಿಜ್ಞಾನಿಗಳೇ ಇಲ್ಲ" ಅಂತಾರೆ!

ಅಮೆರಿಕಾದ ಆ ಮೊದಲ ಹಂತದ ದುಡ್ಡು ಸರ್ಕಾರ ಕೊಂಡು ಕೊಡುವ ಸೋಲುವ ಹಕ್ಕು. ನಮಗೆ ಸರ್ಕಾರ ಕೊಟ್ಟದ್ದು ಸಾಲದ ಅರ್ಜಿ. 2016ರಲ್ಲಿ ಬಂದು 2025ರವರೆಗೆ ನಡೆದ ಸ್ಟ್ಯಾಂಡ್ ಅಪ್ ಇಂಡಿಯಾದಲ್ಲಿ ಪ್ರತಿ ಬ್ಯಾಂಕ್ ಶಾಖೆ ಒಬ್ಬ ಪರಿಶಿಷ್ಟನಿಗಾದರೂ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಅಂತಿತ್ತು. ಒಳ್ಳೇದೇ, ಅಂಗಡಿ ಹಾಕಲು, ಕಾರ್ಖಾನೆ ಹಾಕಲು ಅದು ಬೇಕು. ಆದರೆ ಸಾಲ ತಂದು ಯಾರೂ ಹೊಸದನ್ನು ಹುಡುಕುವುದಿಲ್ಲ. ಕಂತು ಕಟ್ಟೋನಿಗೆ ಕನಸು ಕಾಣಲು ಪುರಸೊತ್ತಿಲ್ಲ.

ಉತ್ತೇಜನ ಅನ್ನೋ ಮೋಸ

ಹಾಗಂತ ಅಮೆರಿಕಾಕ್ಕೆ ಕೈ ಮುಗಿಯಲು ಹೊರಟಿಲ್ಲ. ಅಲ್ಲಿನ ಹುಳುಕೂ ನೋಡಬೇಕು.

ಅವರ ಲೆಕ್ಕದಲ್ಲಿ "ಸಣ್ಣ" ಅಂದರೆ 500 ಜನ ಕೆಲಸಗಾರರವರೆಗೆ. ನಮ್ಮ ಲೆಕ್ಕಕ್ಕೆ ಅದು ಸಾಹುಕಾರನ ಕಾರ್ಖಾನೆ. ಅರ್ಜಿ ಬರೆಯುವುದನ್ನೇ ಕಸುಬು ಮಾಡಿಕೊಂಡು ವರ್ಷವರ್ಷವೂ ಅದೇ ಕೆಲವು ಕಂಪನಿಗಳು ದುಡ್ಡು ಬಾಚಿಕೊಳ್ಳುತ್ತವೆ ಅನ್ನೋ ದೂರು ಅಲ್ಲಿ ಬಹಳ ಕಾಲದಿಂದ ಇದೆ.

ಅದಕ್ಕಿಂತ ದೊಡ್ಡದು ಇನ್ನೊಂದು. 1982ರ ಕಾನೂನಿನಲ್ಲೇ ಬರೆದಿರುವ ಉದ್ದೇಶಗಳಲ್ಲಿ ಒಂದು, ಅಲ್ಪಸಂಖ್ಯಾತರು ಮತ್ತು ತುಳಿತಕ್ಕೊಳಗಾದವರು ತಂತ್ರಜ್ಞಾನದಲ್ಲಿ ಪಾಲುಗೊಳ್ಳುವಂತೆ ಉತ್ತೇಜಿಸುವುದು. ಅಂದರೆ ಕರಿಯರು, ಮೂಲನಿವಾಸಿಗಳು. ಆದರೆ ಕಂಪನಿಗಳಿಗೆ ಶೇಕಡಾ ಕಟ್ಟಿದವರು ಕರಿಯರಿಗೆ ಶೇಕಡಾ ಕಟ್ಟಲಿಲ್ಲ. "ಉತ್ತೇಜನ" ಅಂತ ಬರೆದು ಬಿಟ್ಟರು. ಏನಾಯಿತು? ಅಲ್ಲಿನ ರಾಷ್ಟ್ರೀಯ ಅಕಾಡೆಮಿಗಳೇ ಮತ್ತೆ ಮತ್ತೆ ಪರಿಶೀಲಿಸಿ, ಹೆಂಗಸರ ಮತ್ತು ಅಲ್ಪಸಂಖ್ಯಾತರ ಕಂಪನಿಗಳ ಪಾಲು ತೀರಾ ಕಡಿಮೆ, ಆ ಉದ್ದೇಶ ಈಡೇರಿಲ್ಲ ಅಂತ ಬರೆದವು. ಒಂದೇ ಕಾನೂನು. ಅಂಕಿ ಇದ್ದ ಕಡೆ ದುಡ್ಡು ಹೋಯಿತು, ಉತ್ತೇಜನ ಇದ್ದ ಕಡೆ ಹೋಗಲಿಲ್ಲ.

ಲಾನಿ ಜಾನ್ಸನ್ ಅನ್ನೋ ಕರಿಯ ಎಂಜಿನಿಯರ್ ಕತೆ ಕೇಳಿ. ಅಲಬಾಮಾದ ಮೊಬೈಲ್ ಊರಿನವರು, 1949ರಲ್ಲಿ ಹುಟ್ಟಿದವರು. 1968ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ನಡೆದ ಶಾಲಾ ಮಕ್ಕಳ ವಿಜ್ಞಾನ ಮೇಳಕ್ಕೆ ಗುಜರಿ ಸಾಮಾನಿನಿಂದ ಕಟ್ಟಿದ ಯಂತ್ರಮಾನವನನ್ನು ಒಯ್ದರು. ಮೇಳಕ್ಕೆ ಬಂದ ಕರಿಯ ಹುಡುಗ ಅವರೊಬ್ಬರೇ. ಬಹುಮಾನ ಮೊದಲನೆಯದು. ಐದು ವರ್ಷದ ಹಿಂದೆ, 1963ರಲ್ಲಿ, ಇಬ್ಬರು ಕರಿಯ ವಿದ್ಯಾರ್ಥಿಗಳು ಒಳಗೆ ಬರಬಾರದು ಅಂತ ಆ ರಾಜ್ಯದ ಗವರ್ನರ್ ವ್ಯಾಲೇಸ್ ಬಾಗಿಲಿಗೆ ಅಡ್ಡ ನಿಂತದ್ದು ಅದೇ ವಿಶ್ವವಿದ್ಯಾಲಯದಲ್ಲಿ. ಮುಂದೆ ಜಾನ್ಸನ್ ಗುರುಗ್ರಹಕ್ಕೆ ಹೋದ ಗೆಲಿಲಿಯೋ ನೌಕೆಯ ಅಣುವಿದ್ಯುತ್ ವ್ಯವಸ್ಥೆಯ ಮೇಲೆ ಕೆಲಸ ಮಾಡಿದರು. 1982ರಲ್ಲಿ ಮನೆಯಲ್ಲಿ ನೀರಿನಿಂದ ನಡೆಯೋ ಶಾಖಯಂತ್ರ ಮಾಡಲು ಹೋದಾಗ ಕೊಳವೆಯಿಂದ ನೀರು ಚಿಮ್ಮಿತು. ಅದರಿಂದ ಹುಟ್ಟಿದ್ದು ಮಕ್ಕಳ ನೀರಿನ ಬಂದೂಕು, ಸೂಪರ್ ಸೋಕರ್. ಆ ಆಟಿಕೆ ತಂದ ದುಡ್ಡನ್ನು ತಮ್ಮ ಪ್ರಯೋಗಶಾಲೆಗೆ ಹಾಕಿ ಬ್ಯಾಟರಿ, ಶಾಖದಿಂದ ವಿದ್ಯುತ್ ತೆಗೆಯೋ ಯಂತ್ರಗಳ ಮೇಲೆ ದುಡಿದರು. ಬಾಹ್ಯಾಕಾಶ ನೌಕೆಗೆ ದುಡಿದ ಕರಿಯ ವಿಜ್ಞಾನಿಗೆ ತನ್ನ ಕನಸಿನ ಯಂತ್ರಕ್ಕೆ ದುಡ್ಡು ಹುಟ್ಟಿದ್ದು ಆಟಿಕೆ ಬಂದೂಕಿನಿಂದ!

ಬಾಬಾಸಾಹೇಬರ ಕರೆಂಟು

ಇನ್ನು ನಮ್ಮ ಮನೆಗೆ ಬರೋಣ. ವಿದ್ಯುತ್ತಿಗೂ ನಮಗೂ ಏನು ಸಂಬಂಧ ಅನ್ನೋರು ಇದ್ದಾರೆ. ಬಾಬಾಸಾಹೇಬರನ್ನು ಬರೀ ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆ ಮಾಡಿ ನಿಲ್ಲಿಸಿದ ಫಲ ಇದು. 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ನೀರಾವರಿ, ವಿದ್ಯುತ್ತು ಅವರ ಕೈಯಲ್ಲಿತ್ತು. 1943ರಲ್ಲೇ ಅವರು ಹೇಳಿದರು: ಈ ದೇಶದ ಬಡತನದ ಚಕ್ರ ಮುರಿಯಬೇಕಾದರೆ ಕೈಗಾರಿಕೆ ಬೇಕು, ಕೈಗಾರಿಕೆಗೆ ಅಗ್ಗದ, ಸಮೃದ್ಧ ವಿದ್ಯುತ್ತು ಬೇಕು. ದೇಶದ ವಿದ್ಯುತ್ ಯೋಜನೆಗೆ ಕೇಂದ್ರದಲ್ಲಿ ತಾಂತ್ರಿಕ ಮಂಡಳಿ ಬಂದದ್ದು, ಅಮೆರಿಕಾದ ಟೆನೆಸ್ಸೀ ಕಣಿವೆಯ ಮಾದರಿಯಲ್ಲಿ ದಾಮೋದರ ಕಣಿವೆಯ ಯೋಜನೆ ರೂಪುಗೊಂಡದ್ದು ಅವರ ಕಾಲದಲ್ಲಿ.

ಅದೇ ದಾಮೋದರ ಯೋಜನೆಗೆ ಹೋರಾಡಿದ ಇನ್ನೊಬ್ಬರು ಭೌತವಿಜ್ಞಾನಿ ಮೇಘನಾದ ಸಹಾ. ಬಂಗಾಳದಲ್ಲಿ ಕೀಳೆಂದು ಎಣಿಸಿದ ಜಾತಿಯ ಬಡ ಅಂಗಡಿಯವನ ಮಗ. ಕಲ್ಕತ್ತೆಯಲ್ಲಿ ಓದುವಾಗ ಅವರಿದ್ದದ್ದೂ ಒಂದು ಹಾಸ್ಟೆಲು, ಈಡನ್ ಹಿಂದೂ ಹಾಸ್ಟೆಲ್. ಮೇಲ್ಜಾತಿ ಹುಡುಗರು ಇವರ ಜೊತೆ ಕೂತು ಉಣ್ಣಲು ಒಪ್ಪಲಿಲ್ಲ. ಆ ಹುಡುಗ 1920ರಲ್ಲಿ, ನಕ್ಷತ್ರದ ಬೆಳಕು ನೋಡಿ ಅದರ ಬಿಸಿ ತಿಳಿಯುವುದಕ್ಕೆ ದಾರಿಯಾದ ಸಮೀಕರಣ ಬರೆದ. ಜಗತ್ತು ಅದನ್ನು ಸಹಾ ಸಮೀಕರಣ ಅನ್ನುತ್ತೆ.

ಈಗ ಕೇಳಿ. 2019ರಲ್ಲಿ ಕೇಂದ್ರೀಯ ಶಿಕ್ಷಣ ಸಂಸ್ಥೆಗಳ ಅಧ್ಯಾಪಕರ ಹುದ್ದೆಗೆ ಮೀಸಲಾತಿ ಕಾಯಿದೆ ಬಂತು. ಅದರ ಕೊನೆಗೆ ಒಂದು ಪಟ್ಟಿ. "ಉತ್ಕೃಷ್ಟ ಸಂಸ್ಥೆಗಳು" ಅಂತ ಕರೆದು, ಈ ಕಾಯಿದೆ ಇವಕ್ಕೆ ಅನ್ವಯಿಸುವುದಿಲ್ಲ ಅಂದರು. ಭಾಭಾ ಅಣು ಸಂಶೋಧನಾ ಕೇಂದ್ರ, ಮುಂಬೈನ ಟಾಟಾ ಮೂಲ ಸಂಶೋಧನಾ ಸಂಸ್ಥೆ, ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಬಹುಪಾಲು ಇಂಧನ ಮತ್ತು ಭೌತಶಾಸ್ತ್ರದ ಮನೆಗಳೇ. ಆ ಪಟ್ಟಿಯಲ್ಲಿ ಕಲ್ಕತ್ತೆಯ ಸಹಾ ಅಣು ಭೌತವಿಜ್ಞಾನ ಸಂಸ್ಥೆಯೂ ಇದೆ. ಊಟದ ಮನೆಯಿಂದ ಹೊರಗಿಟ್ಟವರ ಮಕ್ಕಳು, ಹೊರಗಿದ್ದವನ ಹೆಸರಿಟ್ಟ ಮನೆಗೇ ಬೀಗ ಹಾಕಿದರು!

ಕರೆಂಟು ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. ಗಣಿಯ ಗುಂಡಿಗೆ ಇಳಿದವರಲ್ಲಿ ಹೆಚ್ಚಿನವರು ತಮಿಳುನಾಡಿನಿಂದ ಬಂದ ನಮ್ಮ ಜನ. ತಂತಿ ಬಂದದ್ದು ಚಿನ್ನ ಎತ್ತಲು. ನೂರು ವರ್ಷ ಕಳೆದು ಪಾವಗಡದಲ್ಲಿ 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೌರ ಪಾರ್ಕು ಬಂತು. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಅಂತ ಗೊತ್ತಾಯಿತು. ಆ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಜಮೀನಿಲ್ಲದವರಿಗೆ ಗುತ್ತಿಗೆ ಎಲ್ಲಿಂದ ಬರಬೇಕು? ಸೂರ್ಯ ಎಲ್ಲರಿಗೂ ಒಂದೇ ಅಂತ ಪದ್ಯ ಬರೆಯುತ್ತಿದ್ದೆ. ಈಗ ಆ ಸಾಲು ಹೊಡೆದು ಹಾಕಿದ್ದೇನೆ.

ರಾಶಿ ಎಲ್ಲಿದೆ?

ರಾಶಿ ಇಲ್ಲ ಅನ್ನೋ ಹಾಗಿಲ್ಲ. ಇಂಧನ ಭದ್ರತೆ, ಕ್ವಾಂಟಂ ಮುಂತಾದ ಹೊಸ ತಂತ್ರಜ್ಞಾನದ ಸಂಶೋಧನೆಗೆ ಖಾಸಗಿಯವರಿಗೆ ಅಗ್ಗದ ದುಡ್ಡು ಕೊಡಲು 2025ರಲ್ಲಿ ಕೇಂದ್ರ ಸರ್ಕಾರ 1 ಲಕ್ಷ ಕೋಟಿ ರೂಪಾಯಿಯ ನಿಧಿಗೆ ಒಪ್ಪಿಗೆ ಕೊಟ್ಟಿತು. ನಮಗೋಸ್ಕರ ಅಂತ 2020ರಲ್ಲಿ ಬಂದ ಅಂಬೇಡ್ಕರ್ ಹೆಸರಿನ ಆವಿಷ್ಕಾರ ಯೋಜನೆಯ ಗುರಿ ನಾಲ್ಕು ವರ್ಷದಲ್ಲಿ 1,000 ಪರಿಶಿಷ್ಟ ಜಾತಿಯ ಯುವಕರಿಗೆ ತಲಾ 30 ಲಕ್ಷ. ಗುರಿಯೆಲ್ಲ ಮುಟ್ಟಿದರೂ ಅದು 300 ಕೋಟಿ. ಲಕ್ಷ ಕೋಟಿಯ ಮುಂದೆ ಇಟ್ಟು ನೋಡಿ, ನೂರು ರೂಪಾಯಿಗೆ ಮೂವತ್ತು ಪೈಸೆ.

ಕರ್ನಾಟಕದಲ್ಲಿ 2013ರ ಕಾಯಿದೆಯಂತೆ ಪರಿಶಿಷ್ಟರ ಉಪಯೋಜನೆಗೆ ಶೇಕಡಾ 24.1 ಪಾಲು ಎತ್ತಿಡಬೇಕು. 2024-25ರಲ್ಲಿ ಅದು ಸುಮಾರು 39 ಸಾವಿರ ಕೋಟಿ. ಆದರೆ 2023-24ರಲ್ಲೇ ಆ ದುಡ್ಡಿನಿಂದ 11 ಸಾವಿರ ಕೋಟಿಗೂ ಮೇಲೆ ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಗ್ಯಾರಂಟಿ ಬೇಡ ಅನ್ನುವವನು ನಾನಲ್ಲ, ನನ್ನವ್ವನೂ ಆ ದುಡ್ಡಿಗೆ ಕಾಯುತ್ತಾಳೆ. ಎಲ್ಲರಿಗೂ ಕೊಡೋದನ್ನು ಎಲ್ಲರ ದುಡ್ಡಿನಿಂದ ಕೊಡಲಿ. ನಮ್ಮ ಪಾಲಿನಿಂದ ಯಾಕೆ?

ಆದ್ದರಿಂದ ನಾವು ಕೇಳಬೇಕಾದ್ದು ಇಷ್ಟು:

1. ಸಂಶೋಧನೆಗೆ ಅಂತ ತೆಗೆದಿಡೋ ಪ್ರತಿ ಸರ್ಕಾರಿ ನಿಧಿಯಲ್ಲೂ ಪರಿಶಿಷ್ಟರ ಸಣ್ಣ ಉದ್ದಿಮೆಗಳಿಗೆ ಕಾನೂನಿನಲ್ಲೇ ಶೇಕಡಾ ಬರೆಯಬೇಕು. ಉತ್ತೇಜನ ಬೇಡ, ಅಂಕಿ ಬೇಕು.

2. ರಾಜ್ಯದ ಉಪಯೋಜನೆಯಲ್ಲಿ ಶೇಕಡಾ ಒಂದನ್ನು, ಅಂದರೆ ಆ ವರ್ಷದ ಲೆಕ್ಕದಲ್ಲಿ ಸುಮಾರು 390 ಕೋಟಿಯನ್ನು, ನಮ್ಮ ಯುವಕರ ಪ್ರಯೋಗಗಳಿಗೆ ಇಡಬೇಕು. ಸಾಲವಾಗಿ ಬೇಡ, ಅನುದಾನವಾಗಿ. ಪಹಣಿ ಕೇಳಕೂಡದು.

3. ಪದವಿ ನೋಡಿ ದೂಡಬಾರದು. ಐ.ಟಿ.ಐ., ಡಿಪ್ಲೊಮಾ ಮಾಡಿದವರೂ ಅರ್ಜಿ ಹಾಕುವಂತಿರಬೇಕು. ಅರ್ಜಿ ಕನ್ನಡದಲ್ಲಿರಬೇಕು. ಅದನ್ನು ಬರೆಯಲು ಕಲಿಸೋರು ಜಿಲ್ಲೆಗೊಬ್ಬರು ಇರಬೇಕು.

4. 2019ರ ಕಾಯಿದೆಯ ಆ ಪಟ್ಟಿಯನ್ನು ಹರಿದು ಹಾಕಬೇಕು.

ಕೊನೆಗೆ ನಮ್ಮ ಬಗ್ಗೆಯೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಸಭೆಗಳಲ್ಲಿ ನನ್ನಂಥ ಪದ್ಯದವರದ್ದೇ ಗದ್ದಲ. ಹಾಡು ಬೇಕು, ಹಲಗೆ ಬೇಕು, ಸಿಟ್ಟು ಬೇಕು. ಆದರೆ ಬಜೆಟ್ಟಿನ ಪುಸ್ತಕ ಬಿಚ್ಚಿ ಕೂರೋರು ಎಷ್ಟು ಜನ? ಹಾಸ್ಟೆಲಿನ ಇನ್ವರ್ಟರ್ ಕೆಟ್ಟಾಗ ಬಿಚ್ಚಿ ಸರಿ ಮಾಡೋ ಹುಡುಗನನ್ನು ವೇದಿಕೆಗೆ ಕರೆದಿದ್ದೀವಾ? ಹಲಗೆಗೆ ಚರ್ಮ ಹದ ಮಾಡಿದ ನಮ್ಮ ತಾತಂದಿರಿಗೆ ಯಾವ ತೊಗಟೆಯಲ್ಲಿ ಎಷ್ಟು ದಿನ ನೆನೆಸಬೇಕು, ಎಷ್ಟು ಸುಣ್ಣ ಹಾಕಬೇಕು ಅಂತ ಗೊತ್ತಿತ್ತು. ಅದನ್ನು ಹೊಲಸು ಅಂದರು. ಅದೇ ಕೆಲಸವನ್ನು ಪ್ರಯೋಗಶಾಲೆಯಲ್ಲಿ ಬಿಳೀ ಕೋಟು ಹಾಕಿ ಮಾಡಿದರೆ ರಸಾಯನಶಾಸ್ತ್ರ ಅಂದರು. ಮಾಡಿ ನೋಡೋದು ನಮ್ಮ ಕೈಗೆ ಹೊಸದಲ್ಲ.

ಆ ಇಂಜಿನಿಯರಿಂಗ್ ಹುಡುಗನಿಗೆ ಇದನ್ನೆಲ್ಲಾ ಹೇಳಿದೆ. ಮುದ್ದೆ ಆರಿ ಗಟ್ಟಿಯಾಗಿತ್ತು, ಸಾರು ಹಾಕಿಸಿಕೊಂಡು ಉಂಡ. ನಾಳೆ ಪಕ್ಕದ ಬೆಂಚಿನವನಿಗೆ ಕೇಳುತ್ತೀನಿ ಅಂದ: "ಅಮೆರಿಕಾದಲ್ಲಿ ಶೇಕಡಾ 3.2 ಎತ್ತಿಟ್ಟಿದ್ದರಂತಲ್ಲ, ಅದಕ್ಕೆ ಏನಂತಾರೋ?"

ನೀವೂ ಕೇಳಿ. ಗಟ್ಟಿಯಾಗಿ ಕೇಳಿ.

ಜೈ ಭೀಮ್.